ಜೋಡಿ ಅಂಗಿ

ಗದಗಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ನೀಲವ್ವ, ಬಲ ಹೆಗಲಿಗೆ ನೋವಿನಂಗಿ ತೊಟ್ಟು ಪರದೆಯ ಮುಂದೆ ಕೂತಳು. ಮಂಗಳೂರಿನಲ್ಲಿ ಅದರ ಜೋಡಿ ಅಂಗಿ ತೊಟ್ಟಿದ್ದವಳು ಫಿಸಿಯೋ ಲವೀನಾ. ಇನ್ನು ಕಾಲು ಗಂಟೆ ನೀಲವ್ವನ ಹೆಗಲಿನ ನೋವೆಲ್ಲ ಅವಳ ಹೆಗಲಿಗೂ ಬರುತ್ತಿತ್ತು. ಈಗೀಗ ದೂರದ ರೋಗಿಗಳನ್ನೆಲ್ಲ ಹೀಗೇ ನೋಡುತ್ತಿದ್ದರು.

ಊರಿನ ದವಾಖಾನೆಯವರು ಮೊದಲೇ ಕೈಯಾರೆ ಮುಟ್ಟಿ ನೋಡಿದ್ದರು. ಆಗ ನೀಲವ್ವ ಹಲ್ಲು ಕಚ್ಚಿ ಕೈ ಎತ್ತಿ, "ಏನಿಲ್ರೀ, ಜರಾ ಹಿಡದಂಗ ಆಗೇದ" ಅಂದಿದ್ದಳು. ಅವರು ಅದನ್ನೇ ನಂಬಿ ಮುಲಾಮು ಕೊಟ್ಟು ಕಳಿಸಿದ್ದರು.

"ತಲೆ ಬಾಚುವ ಹಾಗೆ ಕೈ ಮೇಲೆತ್ತಿ" ಎಂದಳು ಲವೀನಾ.

ನೀಲವ್ವನ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಅಷ್ಟೇ ಏಳುವುದಾ?"

"ಏಳ್ತದರೀ. ಆದ್ರ ಇನ್ನೂ ಮ್ಯಾಲೆ ಎತ್ತಿದ್ರ ನಿಮಗ ಭಾಳ ತ್ರಾಸ ಆಗ್ತದ."

"ನನಗೆ ಆದರೆ ಅಲ್ವಾ ಗೊತ್ತಾಗುವುದು? ಎತ್ತಿ ಅಮ್ಮ."

ನೀಲವ್ವ ಎತ್ತಿದಳು. ಪರದೆಯಲ್ಲಿ ಲವೀನಾ ಕಿರುಚಿ ಹೆಗಲು ಹಿಡಿದುಕೊಂಡಳು.

"ಇದನ್ನಿಟ್ಟುಕೊಂಡು ರೊಟ್ಟಿ ಬಡಿದಿರಾ? ಒಳಗೆ ಸ್ನಾಯು ಹರಿದಿದೆ ಅಮ್ಮ. ನಾಳೆಯಿಂದ ರಜೆ. ನಿಮ್ಮ ಮಾಲೀಕರಿಗೆ ನಾನೇ ಹೇಳ್ತೇನೆ."

ಎಂಟು ತಿಂಗಳಿಂದ ತಾನು ನುಂಗಿಕೊಂಡಿದ್ದ ಕೂಗನ್ನು ಇನ್ನೊಬ್ಬಳ ಬಾಯಲ್ಲಿ ಕೇಳಿ ನೀಲವ್ವನ ಕಣ್ಣು ತುಂಬಿತು. ಕೈ ಮುಗಿಯಲು ಹೋದವಳು ತಡೆದುಕೊಂಡಳು. ಮೊದಲು ಅಂಗಿ ಬಿಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ಮುಗಿದಳು.