ದಿನಾ ಒಂದು ಗುಳಿಗಿ

ವಿಭೂತಿಯ ವಾಸನೆ ಬಂದರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ಆಗ ನಾನು ದೋರನಹಳ್ಳಿಯಲ್ಲಿ ಐದನೇ ಕ್ಲಾಸು. ಟೀಚರ್ ಇಂಗ್ಲಿಷಿನ 'ಟೇಕ್' ಕಲಿಸಿದ್ದರು. ಚಹಾ ಕುಡಿಯುವುದಕ್ಕೂ, ಫೋಟೋ ತೆಗೆಯುವುದಕ್ಕೂ, ಬಸ್ಸು ಹಿಡಿಯುವುದಕ್ಕೂ ಅದೊಂದೇ ಸಾಕೆಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದ್ದೆ. ಅದಕ್ಕೇ ಆಯಿ, ಅಪ್ಪನ ತಾಯಿ, ಯಾದಗಿರಿಯಿಂದ ತಂದ ಕೀಲುನೋವಿನ ಗುಳಿಗೆಯ ಪೊಟ್ಟಣವನ್ನು ನೆರೆಯವರ ಮುಂದೆಯೇ ನನ್ನ ಕೈಗಿಟ್ಟಳು.

"ಓದವ್ವ, ಹ್ಯಾಂಗ ತಗೋಬೇಕಂತ?"

'ಟೇಕ್' ಇತ್ತು, 'ಒನ್' ಇತ್ತು. ಮುಂದಿನ ಪದ ತಿಳಿಯಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ದಿನಾ ಒಂದು," ಎಂದೆ.

ನಾಲ್ಕನೇ ದಿನ ಮಧ್ಯಾಹ್ನ ಟೀಚರ್ ಅದೇ ಪದವನ್ನು ಬೋರ್ಡಿನ ಮೇಲೆ ಬರೆದು 'ವಾರಕ್ಕೊಮ್ಮೆ' ಎಂದು ಅರ್ಥ ಹೇಳಿದರು.

"ವಾರದ ಗುಳಿಗಿ ದಿನಾ ನುಂಗಿದ್ರ ಏನಾಗ್ತದ್ರಿ?"

"ಜೀವಾನೇ ಹೋಗ್ತದ."

ಬರಿಗಾಲಲ್ಲೇ ಮನೆಗೆ ಓಡಿದೆ. ಆಯಿ ಪಡಸಾಲೆಯಲ್ಲಿ ಮಲಗಿದ್ದಳು. ಅಲುಗಾಡಿಸಿದೆ, ಏಳಲಿಲ್ಲ. ಚೀರಿದಾಗ ಕಣ್ಣು ತೆರೆದಳು.

"ಗುಳಿಗಿ ಎಲ್ಲಿ?"

"ದೇವರ ಜಗಲಿ ಮ್ಯಾಲ ಅದ. ಅಮಾಸಿ ಮುಂದ ಹೊಸ ಔಷಧ ಹಿಡಿಬಾರ್ದಂತ ಇಟ್ಟಿದ್ದೆ."

ವಿಭೂತಿ ಮೆತ್ತಿದ ಪೊಟ್ಟಣದಲ್ಲಿ ಒಂದೂ ಕಡಿಮೆಯಾಗಿರಲಿಲ್ಲ.

"ಇಲ್ಲಿ ತಾ," ಆಯಿ ಕೈಚಾಚಿದಳು. "ನಿನ್ನೆಗೆ ಅಮಾಸಿ ಮುಗೀತು. ಇವತ್ತಿನಿಂದ ದಿನಾ ಒಂದು, ನೀ ಹೇಳಿದಂಗ."

ಪೊಟ್ಟಣ ಹಿಡಿದ ನನ್ನ ಮುಷ್ಟಿ ಬಿಚ್ಚಲಿಲ್ಲ.