ದೋಸೆಯ ಪ್ರಸಂಗ

ಹೊಸನಗರದ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ವಾರಪತ್ರಿಕೆ ಓದುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದು ‘ಗಿರಿಕರ್ಣಿಕೆ’ಯ ಧಾರಾವಾಹಿ. ಆ ಹೆಸರಿನಲ್ಲಿ ಜೊತೆಯಾಗಿ ಬರೆಯುವ ದಂಪತಿ ಗಿರಿಧರ ಮತ್ತು ಅಪೇಕ್ಷಾ ಹಿಂದಿನ ಸೀಟಿನಲ್ಲೇ ಮಾತು ಬಿಟ್ಟು ಕೂತಿದ್ದರು. ತೀರಾ ಬಾಲಿಶವೆಂದು ಅವಳು ತೆಗೆದಿದ್ದ ದೋಸೆಯ ಪ್ರಸಂಗವನ್ನು ಅವನು ಹೇಳದೆ ಸೇರಿಸಿ ಕಳಿಸಿಬಿಟ್ಟಿದ್ದ. ಇನ್ನು ಒಟ್ಟಿಗೆ ಬರೆಯುವುದೇ ಇಲ್ಲ ಎಂದು ಅವಳು ಹೇಳಿ ಮೂರು ದಿನವಾಗಿತ್ತು.

“ಗಂಡ ಹುಯ್ದ ದೋಸೆ ಏಳ್ಲೇ ಇಲ್ವಂತೆ, ಕಾವ್ಲಿ ಸಮೇತ ತಂದು ಬಡಿಸಿದ್ನಂತೆ!” ಹೆಂಗಸು ಪಕ್ಕದವಳಿಗೆ ಹೇಳಿದಳು. “ಬರ್ದೋರು ಹೆಂಗಸೇ ಇರ್ಬೇಕು ಮಾರಾಯ್ತಿ!”

ಗಿರಿಧರ ಕಿಟಕಿಯಾಚೆ ನೋಡುತ್ತಾ ನಗು ತಡೆದುಕೊಂಡ. ಅಪೇಕ್ಷಾ ಮುಂದಕ್ಕೆ ಬಾಗಿದಳು.

“ಅಲ್ಲ ಅಕ್ಕಾ, ಅದನ್ನ ಬರ್ದಿದ್ದು ನಮ್ಮನೆಯವ್ರು. ನಾನೇ ಬೇಡ ಅಂದಿದ್ದೆ,” ಎಂದವಳು ಗಂಡನತ್ತ ತಿರುಗಿದಳು. “ಮುಂದಿನ ಕಂತಿಗೆ ಇವತ್ತೇ ಕೂತ್ಕೊಳ್ಳೋಣ್ವಾ ರೀ?”