ಕಟ್ಟಡ ಬರೆಯುವವನು

ಹಳೇ ಪೇಟೆಯ ಮೂರು ಕಟ್ಟಡಗಳ ಚಿತ್ರವನ್ನು ಅವನು ಪೆನ್ನಿನಲ್ಲಿ ಬರೆದಿದ್ದ. ಬರೆದು ಮುಗಿಸಿದ ತಿಂಗಳೊಳಗೆ ಮೂರೂ ನೆಲಸಮವಾದವು. ಅಂದಿನಿಂದ ಅವನು ಹಾಳೆ ಬಿಚ್ಚಿದರೆ ಸಾಕು, ಅಂಗಡಿಯವರು ಪೊರಕೆ ಹಿಡಿದು ಬರುತ್ತಿದ್ದರು.

"ಎದ್ದೋಗಯ್ಯ! ನಿನ್ನ ಕೈಗುಣ ಸರಿಯಿಲ್ಲ."

"ಕೆಡವಿದ್ದು ಜೆಸಿಬಿ ಕಣ್ರೀ, ನನ್ನ ಪೆನ್ನಲ್ಲ!" ಎಂದು ಎಷ್ಟು ಕೂಗಾಡಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರೋಸಿಹೋಗಿ ಚೀಲ ಹೆಗಲಿಗೇರಿಸುತ್ತಿದ್ದಾಗ, ಎದುರಿನ ಮಹಡಿ ಕಟ್ಟಡದ ಮಾಲೀಕರು ಕುರ್ಚಿ ಹಾಕಿಸಿ ಕಾಫಿ ತರಿಸಿದರು.

"ನಮ್ಮ ಕಟ್ಟಡ ಬರೀರಿ ಸ್ವಾಮಿ."

ಕೊನೆಗೂ ಕಲೆ ಬಲ್ಲವರೊಬ್ಬರು ಸಿಕ್ಕರೆಂದು ಅವನು ಚೀಲ ಇಳಿಸಿ ಹಾಳೆ ಬಿಚ್ಚಿದ. "ಒಂದು ಕಿಟಕೀನೂ ಬಿಡದೆ ಬರೀತೀನಿ ಸಾರ್. ಒಂದು ವಾರ ಹಿಡಿಯುತ್ತೆ."

"ಅಷ್ಟು ದಿನ ಬೇಡ, ಇವತ್ತೇ ಮುಗಿಸಿ. ಈ ಬಾಡಿಗೆಯವರು ಇಪ್ಪತ್ತು ವರ್ಷದಿಂದ ಖಾಲಿ ಮಾಡ್ತಿಲ್ಲ."